ಕರಿಹಲಗೆಯ ಮೇಲೆ ನಾನು ಬರೆದ ಹೆಸರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಮಧ್ಯಾಹ್ನದ ಗೋಷ್ಠಿಯಲ್ಲಿ, ಶಾಲೆಯ 1986ನೇ ಸಾಲಿನ ಹಳೆಯ ವಿದ್ಯಾರ್ಥಿನಿಯೂ ವೈದ್ಯೆಯೂ ಆದವರು ಮಾಡಿದ ಭಾಷಣದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ಹೀಗೆ ಅಚ್ಚಾಗಿದೆ: ‘ಹಾರ್ಮೋನು ಹಾಗೂ ಚಯಾಪಚಯದ ಅಸಮತೋಲನ: ಗುರುತಿಸುವಿಕೆ ಮತ್ತು ನಿರ್ವಹಣೆ’. ಇದನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದವರಿಗೆ ಹೃದಯದ ತೊಂದರೆಯಿಲ್ಲ ಎಂದು ಸರ್ಟಿಫಿಕೇಟು ಕೊಡಬಹುದು. ಅದೂ ಹೋಳಿಗೆ ಊಟ ಆದಮೇಲೆ. ಯಾರಿಗಾದರೂ ತೂಕಡಿಕೆ ಬಂದರೆ ಮಲಗಿ, ನಾನು ಹೆಸರು ಬರೆದುಕೊಳ್ಳುವುದಿಲ್ಲ. ಒಂದು ಕಾಲದಲ್ಲಿ ಬರೆದುಕೊಳ್ಳುತ್ತಿದ್ದೆ. ಇವತ್ತು ಹೇಳಬೇಕಾದ್ದು ಅದನ್ನೇ.

ಎಂಟನೇ ಕ್ಲಾಸಿನಲ್ಲಿ ನಾನು ಲೀಡರ್. ಮೇಷ್ಟ್ರು ಆಫೀಸಿಗೆ ಹೋದಾಗ ಕರಿಹಲಗೆಯ ಮೂಲೆಯಲ್ಲಿ ಎರಡು ಪಟ್ಟಿ ಬರೆಯುವುದು ನನ್ನ ಕೆಲಸ. ಒಂದು ‘ಮಾತಾಡಿದವರು’, ಇನ್ನೊಂದು ‘ನಿದ್ದೆ ಮಾಡಿದವರು’. ಮೊದಲ ಪಟ್ಟಿ ದಿನಾ ಬದಲಾಗುತ್ತಿತ್ತು. ಎರಡನೆಯದರಲ್ಲಿ ಒಂದು ಹೆಸರು ಮಾತ್ರ ಬದಲಾಗುತ್ತಲೇ ಇರಲಿಲ್ಲ. ಅವಳು ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಉತ್ತರ ಗೊತ್ತಿದ್ದರೂ ನಿಧಾನವಾಗಿ ಹೇಳುತ್ತಿದ್ದಳು, ಅಷ್ಟರಲ್ಲಿ ಬೇರೆ ಯಾರೋ ಹೇಳಿಬಿಡುತ್ತಿದ್ದರು. ಜೂನ್ ತಿಂಗಳ ಮಳೆಯಲ್ಲಿ ನಾವೆಲ್ಲ ಅಂಗಳದಲ್ಲಿ ಕುಣಿಯುವಾಗ ಅವಳು ಎರಡು ಸ್ವೆಟರ್ ಹಾಕಿಕೊಂಡು ನಿಲ್ಲುತ್ತಿದ್ದಳು. ಅವಳಿಗೆ ಕ್ಲಾಸಿನಲ್ಲಿ ‘ಕುಂಭಕರ್ಣನ ತಂಗಿ’ ಎಂಬ ಹೆಸರು ಬಿತ್ತು. ಹೆಸರು ಇಟ್ಟವಳು ನಾನಲ್ಲ, ಆದರೆ ನಕ್ಕವರಲ್ಲಿ ನಾನೂ ಇದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು. ಮತ್ತೆ ಕಟ್ಟಲಿಲ್ಲ. ಮರುವರ್ಷವೇ ಮದುವೆಯಾಯಿತು.

ಹದಿನೆಂಟು ವರ್ಷದ ಮೇಲೆ ತಾಲ್ಲೂಕು ಕೇಂದ್ರದ ನನ್ನ ಕ್ಲಿನಿಕ್ಕಿಗೆ ಒಬ್ಬ ಹೆಂಗಸು ಬಂದರು. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಮುಟ್ಟಿನ ಸ್ರಾವ, ಏನು ಮಾಡಿದರೂ ನಿಲ್ಲುತ್ತಿಲ್ಲ. ಮುಖ ಊದಿತ್ತು, ಹುಬ್ಬಿನ ಹೊರತುದಿಯ ಕೂದಲು ಉದುರಿತ್ತು, ಚರ್ಮ ಒಣಗಿದ ಅಡಿಕೆ ಹಾಳೆಯ ಹಾಗಿತ್ತು, ದನಿ ಗಂಡಸಿನ ದನಿಯಷ್ಟು ದಪ್ಪ. ನಾನು ಬಹುವಚನದಲ್ಲೇ ಮಾತಾಡಿಸಿ ಚೀಟಿ ಬರೆಯಲು ಕೂತೆ. ಅವರು ನಿಧಾನವಾಗಿ, ತುಂಬಾ ನಿಧಾನವಾಗಿ ಅಂದರು: “ಎಂತ ಮಾರಾಯ್ತಿ, ನನ್ನ ಗುರ್ತ ಸಿಗಲಿಲ್ವಾ?”

ಆ ನಿಧಾನದಿಂದಲೇ ಗುರ್ತ ಸಿಕ್ಕಿತು.

ಗರ್ಭಕೋಶ ತೆಗೆಸಲು ಅವಳಿಗೆ ಬೇರೆ ಕಡೆ ದಿನ ಗೊತ್ತಾಗಿತ್ತು. ಅದನ್ನು ಮುಂದೂಡಿಸಿ ರಕ್ತ ಪರೀಕ್ಷೆಗೆ ಕಳಿಸಿದೆ. ಟಿಎಸ್‌ಎಚ್ ಎಂಬ ಅಂಶ ಸುಮಾರಾಗಿ ನಾಲ್ಕರೊಳಗೆ ಇರಬೇಕಾದದ್ದು ನೂರು ದಾಟಿತ್ತು. ಥೈರಾಯ್ಡ್ ಗ್ರಂಥಿ ಹೆಚ್ಚುಕಡಿಮೆ ಕೆಲಸವನ್ನೇ ನಿಲ್ಲಿಸಿತ್ತು. ಮಾತ್ರೆ ಶುರು ಮಾಡಿ ನಾಲ್ಕು ತಿಂಗಳಾಗುವಷ್ಟರಲ್ಲಿ ಸ್ರಾವ ಹತೋಟಿಗೆ ಬಂತು, ಮುಖದ ಊತ ಇಳಿಯಿತು. ಒಂದು ದಿನ ತಾನೇ ಬಸ್ಸು ಹತ್ತಿ ಬಂದು, ಕುರ್ಚಿಯ ಮೇಲೆ ಕೂತು, ಒಂದು ಮಾತು ಕೇಳಿದಳು: “ನಾನು ಸೋಮಾರಿ ಅಲ್ಲ ಅಂತ ಒಂದು ಕಾಗದದಲ್ಲಿ ಬರೆದು ಕೊಡ್ತೀಯಾ? ಅತ್ತೆಗೆ ತೋರಿಸಬೇಕು.”

ಬರೆದುಕೊಟ್ಟೆ, ಸೀಲು ಹಾಕಿ. ನನ್ನ ಡಾಕ್ಟರಿಕೆಯಲ್ಲಿ ಬರೆದ ಅತ್ಯಂತ ವಿಚಿತ್ರವಾದ ಸರ್ಟಿಫಿಕೇಟು ಅದು. ಕೈ ನಡುಗಿದ್ದು ನಿಜ.

ಈ ಕಥೆ ಹೇಳಲು ಅವಳ ಒಪ್ಪಿಗೆ ಪಡೆದಿದ್ದೇನೆ. “ಹೆಸರು ಬೇಡ, ಗೊತ್ತಾಗುವವರಿಗೆ ಗೊತ್ತಾಗಲಿ” ಅಂದಳು. ಎಂಟನೇ ಕ್ಲಾಸಿನಲ್ಲೇ ಈ ಕಾಯಿಲೆ ಇತ್ತು ಎಂದು ಇಷ್ಟು ವರ್ಷದ ಮೇಲೆ ಸಾಬೀತು ಮಾಡಲು ಬರುವುದಿಲ್ಲ. ಆದರೆ ಪಕ್ಕದ ಕೋಣೆಯ ಪ್ರದರ್ಶನದಲ್ಲಿ ನಮ್ಮ ಬ್ಯಾಚಿನ ಗ್ರೂಪ್ ಫೋಟೋ ಇದೆ. ನಿನ್ನೆ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದೆ. ಹತ್ತನೇ ಕ್ಲಾಸಿನ ಹುಡುಗಿ, ಎತ್ತರ ಎಂಟನೇ ಕ್ಲಾಸಿನವಳಷ್ಟು. ಕತ್ತಿನ ಮುಂಭಾಗ ದಪ್ಪಗಾಗಿ ಸರ ಮೇಲೆ ಸರಿದು ನಿಂತಿದೆ. ಫೋಟೋದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದು ದಿನಾ ಎದುರಿಗೆ ಕೂತಾಗ ನಮಗ್ಯಾರಿಗೂ ಕಂಡಿರಲಿಲ್ಲ.

ಥೈರಾಯ್ಡ್ ಅಂದರೆ ಏನು ಎಂದು ಮಕ್ಕಳಿಗೆ ಹೇಳುತ್ತೇನೆ. ಗಂಟಲಿನ ಮುಂದೆ, ಗುಳ್ಳಿಗಿಂತ ಸ್ವಲ್ಪ ಕೆಳಗೆ, ಚಿಟ್ಟೆಯ ಆಕಾರದ ಸಣ್ಣ ಗ್ರಂಥಿ. ಒಲೆಯ ಉರಿಯನ್ನು ಹಿಂದೆ ಮುಂದೆ ಮಾಡುವ ಕೆಲಸ ಅದರದ್ದು. ತಿಂದದ್ದನ್ನು ಎಷ್ಟು ಬೇಗ ಸುಡಬೇಕು, ಎದೆ ಎಷ್ಟು ಸಲ ಬಡಿಯಬೇಕು, ಮೈ ಎಷ್ಟು ಬೆಚ್ಚಗಿರಬೇಕು, ಮಗು ಎಷ್ಟು ಬೆಳೆಯಬೇಕು, ಎಲ್ಲದಕ್ಕೂ ಅದರ ಹಾರ್ಮೋನು ಬೇಕು. ಉರಿ ಸಣ್ಣದಾದರೆ ಸುಸ್ತು, ನಿದ್ದೆ, ಚಳಿ, ಮಲಬದ್ಧತೆ, ತೂಕ ಏರಿಕೆ, ಕೂದಲು ಉದುರುವುದು, ಮುಟ್ಟಿನ ಏರುಪೇರು, ಮಂಕು. ಮಕ್ಕಳಲ್ಲಾದರೆ ಎತ್ತರ ನಿಲ್ಲುತ್ತದೆ, ಓದು ಹಿಂದೆ ಬೀಳುತ್ತದೆ. ಉರಿ ದೊಡ್ಡದಾದರೆ ಇದರ ತಲೆಕೆಳಗು. ಹೊಟ್ಟೆ ತುಂಬ ತಿಂದರೂ ಸಣ್ಣಗಾಗುವುದು, ಎದೆ ಡವಡವ, ಕೈನಡುಕ, ಬೆವರು, ಸಿಟ್ಟು. ಅಂಥವರಿಗೆ ದೆವ್ವ ಹಿಡಿದಿದೆ ಎಂದು ನಿಂಬೆಹಣ್ಣು ಕೊಯ್ದದ್ದನ್ನೂ ನೋಡಿದ್ದೇನೆ.

ರಿಪೋರ್ಟು ಹಿಡಿದು ಬರುವ ಹತ್ತರಲ್ಲಿ ಎಂಟು ಜನ ಕೇಳುವುದು ಒಂದೇ: “ಡಾಕ್ಟ್ರೇ, ಟಿಎಸ್‌ಎಚ್ ಜಾಸ್ತಿ ಇದೆ, ಅಂದರೆ ಥೈರಾಯ್ಡ್ ಜಾಸ್ತಿ ಅಲ್ವಾ?” ಅಲ್ಲ. ಟಿಎಸ್‌ಎಚ್ ಬರುವುದು ಥೈರಾಯ್ಡಿನಿಂದಲ್ಲ, ಮೆದುಳಿನ ಬುಡದಲ್ಲಿರುವ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯಿಂದ. ಎಸ್ಟೇಟಿನ ರೈಟರು ಕೂಗುವುದನ್ನು ಕೇಳಿದ್ದೀರಲ್ಲ. ಆಳು ಕೆಲಸ ಮಾಡುತ್ತಿದ್ದರೆ ಅವರು ಸುಮ್ಮನಿರುತ್ತಾರೆ, ಆಳು ಕೂತುಬಿಟ್ಟರೆ ಕೂಗು ಏರುತ್ತದೆ. ಟಿಎಸ್‌ಎಚ್ ಆ ಕೂಗು. ಕೂಗು ಜೋರಾಗಿದೆ ಎಂದರೆ ಗ್ರಂಥಿ ಕೂತಿದೆ ಎಂದೇ ಅರ್ಥ. ತೀರಾ ಕಡಿಮೆ ಇದ್ದರೆ, ಹೇಳದೆಯೇ ಅತಿಯಾಗಿ ದುಡಿಯುತ್ತಿದೆ ಎಂದು ಸಾಮಾನ್ಯವಾಗಿ ಅರ್ಥ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಕತ್ತಿನ ಬಾವು, ಅಂದರೆ ಗಳಗಂಡ, ಈ ಕಡೆ ಅಪರೂಪವೇನಲ್ಲ. ಗ್ರಂಥಿಗೆ ಹಾರ್ಮೋನು ಮಾಡಲು ಅಯೋಡಿನ್ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೊಗ್ರಾಂ. ಎಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿದರೂ ನಾಲ್ಕು ಗ್ರಾಂ ಆಗುವುದಿಲ್ಲ. ಒಂದು ಸಣ್ಣ ಚಮಚ! ಆದರೆ ಆ ಚಮಚವೂ ಮಳೆ ಜೋರಾಗಿ ಹೊಯ್ಯುವ ಬೆಟ್ಟಗುಡ್ಡಗಳ ಮಣ್ಣಿನಲ್ಲಿ ಉಳಿಯದೆ ಕೊಚ್ಚಿಹೋಗುತ್ತದೆ. ಹಿಮಾಲಯದ ತಪ್ಪಲಿನಲ್ಲೂ ಇದೇ ಕಥೆ. ಅಲ್ಲಿನ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಯವರು ಉಪ್ಪಿಗೆ ಅಯೋಡಿನ್ ಸೇರಿಸಿ ಕೊಡುವ ಪ್ರಯೋಗ ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಶಾಲಾ ಮಕ್ಕಳ ಗಳಗಂಡ ಇಳಿಯಿತು. ಅದರ ಆಧಾರದ ಮೇಲೆ 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು.

“ನಾವು ಘಟ್ಟದ ಕೆಳಗಿನ ಸಮುದ್ರದ ಉಪ್ಪನ್ನೇ ತಿನ್ನುತ್ತಿದ್ದೆವಲ್ಲ” ಎಂದು ಹಿರಿಯರು ಕೇಳುತ್ತೀರಿ. ಸಮುದ್ರದ ನೀರು ಆರಿ ಆದ ಉಪ್ಪಿನಲ್ಲಿ ಅಯೋಡಿನ್ ಬಹಳ ಕಡಿಮೆ, ಸೇರಿಸದೆ ಸಾಲದು. ಸೇರಿಸಿದ ಉಪ್ಪನ್ನೂ ಮುಚ್ಚಳವಿಲ್ಲದ ಮರಿಗೆಯಲ್ಲಿ ಒಲೆಯ ಪಕ್ಕ ಇಟ್ಟು, ಮಳೆಗಾಲದಲ್ಲಿ ನೀರು ಬಿಡಲು ಬಿಟ್ಟರೆ ಅಯೋಡಿನ್ ಕರಗಿ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಅಡುಗೆಗೆ ಕೊನೆಯಲ್ಲಿ ಹಾಕಿ. ಈಗ ಬೆಂಗಳೂರಿನ ಮನೆಗಳಲ್ಲಿ ಗುಲಾಬಿ ಬಣ್ಣದ ಕಲ್ಲುಪ್ಪಿನ ಶೋಕಿ ಬಂದಿದೆ. ಕಿಲೋಗೆ ಎಷ್ಟೋ ಪಟ್ಟು ಹೆಚ್ಚು ಬೆಲೆ ಕೊಟ್ಟು, ಸಾಮಾನ್ಯವಾಗಿ ಅಯೋಡಿನ್ ಸೇರಿಸದ ಉಪ್ಪನ್ನು ತರುತ್ತಾರೆ. ಅಜ್ಜಿಗೆ ಬಡತನದಿಂದ ಬಂದದ್ದು ಮೊಮ್ಮಗಳಿಗೆ ಶೋಕಿಯಿಂದ ಬರದಿರಲಿ. ಹಾಗೆಂದು ಉಪ್ಪು ಹೆಚ್ಚು ತಿನ್ನಿ ಎಂದಲ್ಲ. ತಿನ್ನುವ ಸ್ವಲ್ಪ ಉಪ್ಪು ಅಯೋಡಿನ್ ಇರುವುದಾಗಿರಲಿ.

ಇಂದು ನಾನು ನೋಡುವ ಹೆಚ್ಚಿನ ಥೈರಾಯ್ಡ್ ರೋಗಿಗಳಲ್ಲಿ ಕಾರಣ ಉಪ್ಪಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ಬಿದ್ದು ಅದನ್ನು ಸವೆಸುತ್ತದೆ. ಹೆಂಗಸರಲ್ಲಿ ಜಾಸ್ತಿ, ಮನೆತನದಲ್ಲಿ ಹರಿದು ಬರುತ್ತದೆ. ಸವೆದ ಗ್ರಂಥಿಗೆ ಬದಲಾಗಿ ಅದೇ ಹಾರ್ಮೋನನ್ನು ಮಾತ್ರೆಯಾಗಿ ಕೊಡುತ್ತೇವೆ, ಹೆಸರು ಲಿವೊಥೈರಾಕ್ಸಿನ್. ಅಗ್ಗದ ಮಾತ್ರೆ, ಆದರೆ ತೆಗೆದುಕೊಳ್ಳುವ ರೀತಿಯಲ್ಲೇ ನಮ್ಮ ಮಲೆನಾಡಿನವರು ಎಡವುವುದು. ಎದ್ದ ಕೂಡಲೇ ನಮಗೆ ಕಾಫಿ ಬೇಕು. ಮಾತ್ರೆಯನ್ನು ಕಾಫಿಯ ಜೊತೆ ನುಂಗಿದರೆ ಅರ್ಧಂಬರ್ಧ ಮಾತ್ರ ಒಳಗೆ ಹೋಗುತ್ತದೆ. ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣಾಂಶದ, ಕ್ಯಾಲ್ಸಿಯಂನ ಮಾತ್ರೆಗಳಿದ್ದರೆ ನಾಲ್ಕು ಗಂಟೆ ದೂರ ಇಡಿ. ಡೋಸು ಬದಲಿಸಿದ ಮೇಲೆ ಆರೆಂಟು ವಾರ ಕಳೆದು ಮತ್ತೆ ಪರೀಕ್ಷೆ ಮಾಡಿಸಿ.

ರಿಪೋರ್ಟು ಸರಿ ಬಂತೆಂದು ಮಾತ್ರೆ ಬಿಡುವವರಿದ್ದಾರೆ. ಸರಿ ಬಂದದ್ದು ಮಾತ್ರೆಯಿಂದಲೇ! ಬಸುರಿಯಾದ ಕೂಡಲೇ ಮಗುವಿಗೆ ಏನಾದರೂ ಆದೀತೆಂದು ಬಿಡುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ತಾಯಿಯ ಥೈರಾಯ್ಡ್ ಹಾರ್ಮೋನಿನ ಮೇಲೆಯೇ ನಿಂತಿರುತ್ತದೆ, ಆಗ ಸಾಮಾನ್ಯವಾಗಿ ಡೋಸು ಹೆಚ್ಚಿಸಬೇಕಾಗುತ್ತದೆ. ಹುಟ್ಟಿದ ಮಗುವಿಗೂ ಮೊದಲ ದಿನಗಳಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಬಹುದು. ಹುಟ್ಟುತ್ತಲೇ ಗ್ರಂಥಿ ಇಲ್ಲದ ಮಗುವಿಗೆ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಎಲ್ಲರಂತೆ ಶಾಲೆಗೆ ಬರುತ್ತದೆ. ಬಾಣಂತಿಯನ್ನು ಮನೆಗೆ ಕರೆತರುವ ಮೊದಲು ಈ ಪರೀಕ್ಷೆ ಆಯಿತೇ ಎಂದು ಅಜ್ಜಿಯಂದಿರು ಒಂದು ಮಾತು ಕೇಳಿ.

ಇನ್ನು ಶುಗರ್. ಇದರ ಬಗ್ಗೆ ಎಲ್ಲರೂ ಅರ್ಧ ಡಾಕ್ಟರುಗಳೇ, ಹಾಗಾಗಿ ನಿಮಗೆ ಗೊತ್ತಿರುವುದನ್ನು ಬಿಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ. “ನಾನು ಸಣ್ಣ ಇದ್ದೇನೆ, ನನಗೆ ಬರುವುದಿಲ್ಲ” ಎನ್ನುವವರಿಗೆ ಒಂದು ಫೋಟೋದ ವಿಷಯ ಹೇಳಬೇಕು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್‌ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಚಿತ್ರ ಅದು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಮೈಯೊಳಗಿನ ಕೊಬ್ಬು ಮಾತ್ರ ಬ್ರಿಟಿಷರದು ಶೇ. 9.1, ನಮ್ಮವರದು ಶೇ. 21.2. ನಾವು ನೋಡಲು ಸಪೂರ, ಒಳಗೆ ದಪ್ಪ.

ಇದು ಹೊಟ್ಟೆಯೊಳಗಿದ್ದಾಗಲೇ ಶುರುವಾಗುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುತ್ತೇವೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚು ಕಂಡಿತು. ಮುಂದೆ ಅದೇ ಆಸ್ಪತ್ರೆಯಲ್ಲಿ 1997-98ರ ಬಸುರಿಯರನ್ನು, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಬಸುರಿನಲ್ಲಿ ಶುಗರ್ ಬಂದ ತಾಯಂದಿರ ಮಕ್ಕಳಲ್ಲಿ ಶಾಲೆಗೆ ಹೋಗುವ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು. ಆ ಕಾಲದಲ್ಲಿ ರಾತ್ರಿಪಾಳಿಯಲ್ಲಿ ಮಗುವನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದ ಯಾವಳೋ ನರ್ಸಮ್ಮನಿಗೆ ತಾನು ಏನು ಬರೆಯುತ್ತಿದ್ದೇನೆ ಎಂದು ಗೊತ್ತಿದ್ದಿರಲಾರದು. ನಮ್ಮ ಶಾಲೆಯ ದಾಖಲಾತಿ ಪುಸ್ತಕಕ್ಕೆ ಗೆದ್ದಲು ಹಿಡಿಯದಂತೆ ನೋಡಿಕೊಳ್ಳಿ ಸರ್, ಯಾವಾಗ ಬೇಕಾಗುತ್ತದೋ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಎತ್ತರದಷ್ಟು ಉದ್ದದ ದಾರ ತೆಗೆದುಕೊಂಡು ಎರಡಾಗಿ ಮಡಚಿ. ಆ ಅರ್ಧ ದಾರ ಸೊಂಟವನ್ನು ಸುತ್ತಿ ಬರಬೇಕು. ಬರದಿದ್ದರೆ, ತೂಕ ಎಷ್ಟೇ ಇರಲಿ, ಹೊಟ್ಟೆಯಲ್ಲಿ ಕೊಬ್ಬು ಕೂತಿದೆ, ರಕ್ತ ಪರೀಕ್ಷೆಗೆ ಹೋಗಿ. ಬರಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದು, ಇನ್ನೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಅದು ಮಧುಮೇಹ. ಬರಿಹೊಟ್ಟೆಯಲ್ಲಿ 100ರಿಂದ 125 ಹೊಸ್ತಿಲು. ಹೊಸ್ತಿಲಲ್ಲಿ ನಿಂತವರು ಹಿಂದೆ ಬರಬಹುದು. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಿನ ನಡಿಗೆ, ತಟ್ಟೆಯಲ್ಲಿ ಅನ್ನ ಅರ್ಧ, ಪಲ್ಯ ಎರಡು ಪಾಲು, ಕಾಳು. “ಸಕ್ಕರೆ ಬಿಟ್ಟಿದ್ದೇನೆ ಡಾಕ್ಟ್ರೇ, ದೋಸೆಗೆ ಜೋನಿಬೆಲ್ಲ ಮಾತ್ರ” ಎನ್ನುತ್ತಾರೆ ನಮ್ಮವರು. ರಕ್ತಕ್ಕೆ ಬೆಲ್ಲದ, ಜೇನಿನ ಜಾತಿ ಗೊತ್ತಾಗುವುದಿಲ್ಲ. ರಾಗಿ ಒಳ್ಳೆಯದೇ, ಆದರೆ ಮೂರು ಮುದ್ದೆ ಮೂರು ಮುದ್ದೆಯೇ.

ಶಿಕ್ಷಕರಿಗೆ, ತಾಯಂದಿರಿಗೆ ಎರಡು ಮಾತು, ಬೇಗ ಹೇಳಿಬಿಡುತ್ತೇನೆ.

ಕೆಲವು ಮಕ್ಕಳ ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿರುತ್ತದೆ. ಅದು ಕೊಳೆಯಲ್ಲ. ತೆಂಗಿನ ನಾರು ಹಾಕಿ ತಿಕ್ಕಿ ಚರ್ಮ ಕಿತ್ತುಕೊಂಡು ಬಂದ ಹುಡುಗಿಯರನ್ನು ಕಂಡಿದ್ದೇನೆ. ಹೆಚ್ಚಿನವರಲ್ಲಿ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಗುರುತು. ಹುಡುಗಿಗೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಗಲ್ಲದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ ಪಿಸಿಒಎಸ್ ಇರಬಹುದು. ಮೊದಲ ಒಂದೆರಡು ವರ್ಷ ಏರುಪೇರು ಸಹಜ, ಆಮೇಲೂ ಮುಂದುವರಿದರೆ ತೋರಿಸಿ. ‘ಗಂಡುಬೀರಿ’ ಎಂದು ಕರೆಯುವುದರಿಂದ ಅದು ವಾಸಿಯಾಗುವುದಿಲ್ಲ. ತೂಕದಲ್ಲಿ ಐದು ಕಿಲೋ ಇಳಿದರೂ ಎಷ್ಟೋ ಹುಡುಗಿಯರಿಗೆ ಮುಟ್ಟು ಸರಿಹೋಗುತ್ತದೆ.

ಎರಡನೆಯದು ಜೀವದ ಪ್ರಶ್ನೆ. ಕೆಲವು ವರ್ಷಗಳ ಹಿಂದೆ, ಪಕ್ಕದ ಊರಿನ ಶಾಲೆಯೊಂದರ ಪಿ.ಟಿ. ಮೇಷ್ಟ್ರು ಒಂಬತ್ತನೇ ಕ್ಲಾಸಿನ ಹುಡುಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದರು. ಒಳ್ಳೆಯ ಕಬಡ್ಡಿ ಆಟಗಾರ. “ಮೇಡಂ, ತಿಂಗಳಲ್ಲಿ ಇವನ ಚಡ್ಡಿ ಸಡಿಲವಾಗಿದೆ. ಪ್ರತಿ ಬೆಲ್ಲಿಗೂ ನಲ್ಲಿಗೆ ಬಾಯಿ ಹಚ್ಚುತ್ತಾನೆ, ಪ್ರತಿ ಪೀರಿಯಡ್ಡಿಗೂ ಒಂದಕ್ಕೆ ಕೇಳುತ್ತಾನೆ. ಬೇರೆಯವರು ಕಳ್ಳಾಟ ಅಂತಾರೆ. ನನಗೆ ಹಾಗನ್ನಿಸಲಿಲ್ಲ.” ಮನೆಯಲ್ಲಿ ಆ ವಯಸ್ಸಿನ ಹುಡುಗ ಹಾಸಿಗೆ ಒದ್ದೆ ಮಾಡುತ್ತಿದ್ದ, ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಬೆರಳು ಚುಚ್ಚಿ ನೋಡಿದರೆ ಶುಗರ್ 480. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಶುರುವಾಗಿತ್ತು. ಇದು ದೊಡ್ಡವರ ಶುಗರ್ ಅಲ್ಲ, ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವ ಮೊದಲ ಬಗೆಯ ಮಧುಮೇಹ. ಇನ್ನೆರಡು ದಿನ ತಡವಾಗಿದ್ದರೆ ವಾಂತಿ, ಹೊಟ್ಟೆನೋವು ಎಂದು ಎಲ್ಲಾದರೂ ಗ್ಲೂಕೋಸ್ ಬಾಟಲಿ ಹಾಕಿಸಿಬಿಡುತ್ತಿದ್ದರು. ಹಾಗೆ ಮಕ್ಕಳು ಹೋದದ್ದೂ ಇದೆ. ಆಗ ಅವನಿಗೆ ಹದಿನಾಲ್ಕು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಪ್ರಪಂಚದಲ್ಲೇ ಮೊದಲು ಇನ್ಸುಲಿನ್ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್‌ಗೂ ಹದಿನಾಲ್ಕೇ. ಅದಕ್ಕೆ ಮೊದಲು ಇಂಥ ಮಕ್ಕಳಿಗೆ ಉಪವಾಸ ಬಿಟ್ಟರೆ ಮದ್ದಿರಲಿಲ್ಲ. ನಮ್ಮ ಹುಡುಗ ಈಗ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದಾನೆ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುತ್ತಾನೆ, ಒಂದು ದಿನವೂ ಬಿಡುವಂತಿಲ್ಲ. ಬೇರು, ಕಷಾಯದ ಮೇಲೆ ನಂಬಿಕೆ ಇಟ್ಟು ಮಕ್ಕಳ ಇನ್ಸುಲಿನ್ ನಿಲ್ಲಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಆ ಪಿ.ಟಿ. ಮೇಷ್ಟ್ರು ಡಾಕ್ಟರಿಕೆ ಓದಿದವರಲ್ಲ. ನಾನು ಲೀಡರಾಗಿದ್ದಾಗ ನೋಡದೇ ಇದ್ದದ್ದನ್ನು ಅವರು ನೋಡಿದರು, ಅಷ್ಟೇ.

ನನ್ನ ಗೆಳತಿ ಇವತ್ತು ಬೆಳಿಗ್ಗೆಯಿಂದ ಇಲ್ಲೇ ಅಡುಗೆಮನೆಯಲ್ಲಿದ್ದಾಳೆ. ನೀವು ಉಂಡ ಹೋಳಿಗೆಯಲ್ಲಿ ಮುನ್ನೂರಾದರೂ ಅವಳು ತಟ್ಟಿದ್ದು. ಮಧ್ಯಾಹ್ನ ಬಡಿಸುತ್ತಾ ನನ್ನ ಎಲೆಯ ಮುಂದೆ ನಿಂತು, “ನಿನಗೆ ಒಂದೇ, ದಾರ ಸುತ್ತಿ ಬರಲ್ಲ ನಿಂಗೆ” ಅಂದು ಮುಂದೆ ಹೋದಳು.

ನಾಳೆ ಬೆಳಿಗ್ಗೆ ಏಳು ಗಂಟೆಗೆ ಎಂಟನೇ ‘ಬಿ’ ಕೋಣೆಯಲ್ಲಿ ನಾನು, ಇಬ್ಬರು ಸಿಸ್ಟರುಗಳು ಕೂತಿರುತ್ತೇವೆ. ಶುಗರ್ ಅಲ್ಲೇ ನೋಡುತ್ತೇವೆ, ಥೈರಾಯ್ಡ್ ಬೇಕಾದವರ ರಕ್ತ ತೆಗೆದು ಲ್ಯಾಬಿಗೆ ಕಳಿಸುತ್ತೇವೆ. ಕಾಫಿ ಕುಡಿಯದೆ ಬನ್ನಿ. ಮಾತ್ರೆ ತೆಗೆದುಕೊಳ್ಳುವವರು ಚೀಟಿ ತನ್ನಿ. ಸೊಸೆಯಂದಿರನ್ನು ಕರೆದುಕೊಂಡು ಅತ್ತೆಯಂದಿರೂ ಬನ್ನಿ.